ಐದು ಗಾಬ್ಲಿನ್, ಎರಡು ಬ್ರಶ್: ವಾರ್‌ಗೇಮ್ ಮಿನಿಯೇಚರ್‌ಗೆ ಬಣ್ಣ ಹಚ್ಚಲು ಕಲಿಯುವ ಸಮಗ್ರ ಮಾರ್ಗದರ್ಶಿ

ಫ್ಯಾಂಟಸಿ ವಾರ್‌ಗೇಮ್, ಅಂದರೆ ಮೇಜಿನ ಮೇಲೆ ಬೊಂಬೆ ಸೈನ್ಯ ಇಟ್ಟು ಆಡುವ ಕಾಲ್ಪನಿಕ ಯುದ್ಧದ ಆಟ. ಅದರ ಬೊಂಬೆಗಳು ತೀರಾ ಚಿಕ್ಕವು. ಮನುಷ್ಯನ ಬೊಂಬೆ ಸುಮಾರು 28ರಿಂದ 32 ಮಿಲಿಮೀಟರ್ ಎತ್ತರ, ಗಾಬ್ಲಿನ್ ಎಂಬ ಕಥೆಗಳ ಹಸಿರು ಕುಬ್ಜ ಜೀವಿ ಇನ್ನೂ ಕುಳ್ಳ. ಅದರ ಮೇಲಂಗಿಯ ಮಡಿಕೆ ಒಂದು ಮಿಲಿಮೀಟರ್ ಆಳ ಇದ್ದರೆ ಹೆಚ್ಚು. ನಾವು ಹಾಕುವ ಬಟ್ಟೆಯ ಮಡಿಕೆಯಲ್ಲಿ ನೆರಳು ತಾನಾಗಿ ಬೀಳುತ್ತದೆ. ಇಷ್ಟು ಚಿಕ್ಕ ಬೊಂಬೆಯಲ್ಲಿ ಕಣ್ಣಿಗೆ ಕಾಣುವಷ್ಟು ಬೀಳುವುದಿಲ್ಲ. ಇಡೀ ಅಂಗಿಗೆ ಒಂದೇ ಕೆಂಪು ಬಳಿದುಬಿಟ್ಟರೆ ಮೂರು ಅಡಿ ದೂರದಿಂದ ಅದೊಂದು ಕೆಂಪು ಮುದ್ದೆ, ಅಷ್ಟೇ. ಅದಕ್ಕೇ ಬೆಳಕು ಎಲ್ಲಿ, ನೆರಳು ಎಲ್ಲಿ ಅನ್ನುವುದನ್ನು ನಾವೇ ಬಣ್ಣದಲ್ಲಿ ತೋರಿಸಬೇಕು. ಈ ಕೆಲಸದಲ್ಲಿ ಕಲಿಯಬೇಕಾದ ದೊಡ್ಡ ವಿಷಯ ಇದೊಂದೇ. ಕಣ್ಣಿಗೆ ಪಾಪೆ ಬಿಡಿಸುವುದು, ಕೂದಲೆಳೆಯಷ್ಟು ಸಣ್ಣ ಗೆರೆ ಎಳೆಯುವುದು ಎಲ್ಲ ಆಮೇಲೆ.

ಈ ಹವ್ಯಾಸಕ್ಕೆ ಒಂದು ತವರು ಅಂತ ಇದ್ದರೆ ಅದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್. 1975ರಲ್ಲಿ ಲಂಡನ್ನಿನಲ್ಲಿ ಶುರುವಾದ ಗೇಮ್ಸ್ ವರ್ಕ್‌ಶಾಪ್ ಕಂಪನಿ ಈಗಿರುವುದು ಅಲ್ಲೇ. ಅವರ ವಾರ್‌ಹ್ಯಾಮರ್ ಆಟ ಬಂದದ್ದು 1983ರಲ್ಲಿ. ಗೋಲ್ಡನ್ ಡೀಮನ್ ಎಂಬ ಪೇಂಟಿಂಗ್ ಸ್ಪರ್ಧೆ 1987ರಲ್ಲಿ ಶುರುವಾಯಿತು. ಆಟವನ್ನೇ ಆಡದೆ ಬರೀ ಬಣ್ಣ ಹಚ್ಚುತ್ತಾ ಕೂರುವವರೂ ಬೇಕಾದಷ್ಟಿದ್ದಾರೆ. ಈ ಬರಹ ಎರಡೂ ಬಗೆಯವರಿಗೆ.

ಕಲಿಯಲು ಒಂದೇ ಬಗೆಯ ಐದು ಬೊಂಬೆ ತೆಗೆದುಕೊಳ್ಳಿ. ನಾನು ಗಾಬ್ಲಿನ್ ಹೇಳುವುದಕ್ಕೆ ಕಾರಣ ಇದೆ. ಹಸಿರು ಚರ್ಮ, ಬಟ್ಟೆ, ಚರ್ಮದ ಪಟ್ಟಿ, ಮರದ ಗುರಾಣಿ, ತುಕ್ಕು ಹಿಡಿದ ಕತ್ತಿ, ಎಲ್ಲವೂ ಒಂದೇ ಬೊಂಬೆಯಲ್ಲಿ ಸಿಗುತ್ತವೆ. ಮೇಲಾಗಿ ಅದು ಹುಟ್ಟಾ ಕುರೂಪಿ. ಮೂಗಿನ ಮೇಲೆ ಬಣ್ಣ ಆಚೀಚೆ ಆದರೂ ಯಾರೂ ಕೇಳುವುದಿಲ್ಲ. ಡ್ರ್ಯಾಗನ್ ಮೇಲೆ ಕೂತ ಮಾಂತ್ರಿಕನನ್ನು ಮೊದಲೇ ಕೊಂಡು, ಹಾಳಾದೀತು ಅಂತ ಹೆದರಿ, ಡಬ್ಬಿಯಲ್ಲೇ ಇಟ್ಟುಕೊಂಡವರು ತುಂಬಾ ಜನ.

1. ಏನೇನು ಬೇಕು

ಬ್ರಶ್ ಎರಡು ಸಾಕು. ಒಂದು 1 ಅಥವಾ 2ನೇ ನಂಬರಿನ ದುಂಡನೆಯ ಬ್ರಶ್. ಇನ್ನೊಂದು ಡ್ರೈಬ್ರಶ್ ಮಾಡಲು, ಅಂದರೆ ಬಣ್ಣವನ್ನು ಬಹುಪಾಲು ಒರೆಸಿ ಉಬ್ಬಿದ ಜಾಗಗಳಿಗಷ್ಟೇ ಸವರಲು, ಹಳೆಯ ಮೇಕಪ್ ಬ್ರಶ್. ಹೊಸಬರು ಅಂಗಡಿಯಲ್ಲಿ 000 ನಂಬರಿನ ಬ್ರಶ್ ಹುಡುಕುತ್ತಾರೆ. ಚಿಕ್ಕ ಬೊಂಬೆಗೆ ಚಿಕ್ಕ ಬ್ರಶ್ ಅಲ್ವಾ ಅನ್ನುವ ಲೆಕ್ಕ. ಆದರೆ ಅಷ್ಟು ಸಣ್ಣ ಬ್ರಶ್‌ನಲ್ಲಿ ಬಣ್ಣ ನಿಲ್ಲುವುದೇ ಇಲ್ಲ, ಬೊಂಬೆಗೆ ಮುಟ್ಟಿಸುವಷ್ಟರಲ್ಲಿ ತುದಿಯಲ್ಲೇ ಒಣಗಿರುತ್ತದೆ. ಕೆಲಸ ಮಾಡುವುದು ತುದಿಯ ಚೂಪು, ಬ್ರಶ್‌ನ ಗಾತ್ರ ಅಲ್ಲ. 2ನೇ ನಂಬರಿನ ಒಳ್ಳೆಯ ಬ್ರಶ್‌ನಲ್ಲಿ ಕಣ್ಣೂ ಬಿಡಿಸಬಹುದು, ಮೇಲಂಗಿಗೂ ಬಣ್ಣ ಹಚ್ಚಬಹುದು.

ಈ ಲೋಕದಲ್ಲಿ ಎಲ್ಲರೂ ಹೊಗಳುವುದು ಕೊಲಿನ್ಸ್ಕಿ ಎಂಬ ಪ್ರಾಣಿಯ ಕೂದಲಿನ ಬ್ರಶ್‌ಗಳನ್ನು. ವಿನ್ಸರ್ ಅಂಡ್ ನ್ಯೂಟನ್ ಕಂಪನಿಯ ಸೀರೀಸ್ 7 ಅವುಗಳಲ್ಲಿ ಹೆಸರುವಾಸಿ. 1866ರಲ್ಲಿ ವಿಕ್ಟೋರಿಯಾ ರಾಣಿ ತನಗಿಷ್ಟವಾದ 7ನೇ ಸೈಜಿನಲ್ಲಿ ಜಲವರ್ಣದ ಬ್ರಶ್ ಮಾಡಿಕೊಡಿ ಎಂದಳಂತೆ, ಆ ಹೆಸರು ಹಾಗೇ ನಿಂತಿತು. ಒಳ್ಳೆಯ ಬ್ರಶ್ಶೇ, ಆದರೆ ಮೊದಲ ಐದು ಗಾಬ್ಲಿನ್‌ಗೆ ಬೇಡ. ಸಿಂಥೆಟಿಕ್ ಬ್ರಶ್ ತುದಿ ಬೇಗ ಕೊಕ್ಕೆಯಂತೆ ಬಾಗುತ್ತದೆ ಅನ್ನುವುದು ನಿಜ. ಬಾಗಲಿ, ಆಮೇಲೆ ಅದನ್ನೇ ಬಣ್ಣ ಕಲೆಸಲು ಇಟ್ಟುಕೊಳ್ಳಿ. ಯಾವ ಬ್ರಶ್ ಆದರೂ ಕೂದಲಿನ ಅರ್ಧಕ್ಕಿಂತ ಮೇಲೆ ಬಣ್ಣ ಏರಬಾರದು. ಕೂದಲು ಹಿಡಿದಿರುವ ಲೋಹದ ಕೊಳವೆಯೊಳಗೆ ಬಣ್ಣ ಸೇರಿ ಒಣಗಿದರೆ ತುದಿ ಎರಡಾಗಿ ಸೀಳುತ್ತದೆ. ಇನ್ನೊಂದು ಮಾತು: ತುದಿ ಚೂಪಾಗಲಿ ಅಂತ ಬಾಯಲ್ಲಿಟ್ಟುಕೊಳ್ಳುವ ಚಾಳಿ ದೊಡ್ಡ ದೊಡ್ಡ ಪೇಂಟರ್‌ಗಳಿಗೂ ಇದೆ. ನೀವು ಕಲಿಯಬೇಡಿ, ಟಿಶ್ಯೂ ಇದೆಯಲ್ಲ.

ಬಣ್ಣಕ್ಕೆ ಸಿಟಾಡೆಲ್, ವಯೆಹೊ, ಆರ್ಮಿ ಪೇಂಟರ್, ಯಾವುದಾದರೂ ಆದೀತು. ಎಲ್ಲವೂ ನೀರಿನಲ್ಲಿ ಕರಗುವ ಅಕ್ರಿಲಿಕ್. ನನ್ನ ಒಲವು ಡ್ರಾಪರ್ ಬಾಟಲಿಯ ಕಡೆಗೆ, ಹನಿ ಎಣಿಸಿ ಹಾಕಬಹುದು. ಕಪ್ಪು, ಬಿಳಿ, ಕೆಂಪು, ಹಳದಿ, ಕಿತ್ತಳೆ, ನೀಲಿ, ಹಸಿರು, ಕಂದು, ಮೂಳೆ ಬಣ್ಣ, ಉಕ್ಕಿನ ಬಣ್ಣ, ಜೊತೆಗೆ ಒಂದು ಕಂದು ವಾಶ್ (ನೆರಳಿಗೆ ಹಚ್ಚುವ ತೀರಾ ತೆಳು ಬಣ್ಣ), ಒಂದು ಕಪ್ಪು ವಾಶ್. ಇಷ್ಟರಲ್ಲಿ ಇಡೀ ಸೈನ್ಯ ಮುಗಿಯುತ್ತದೆ. ಸ್ಟೇಷನರಿ ಅಂಗಡಿಯ ವಿದ್ಯಾರ್ಥಿಗಳ ಅಕ್ರಿಲಿಕ್ ಟ್ಯೂಬ್‌ಗಳನ್ನು ಬೊಂಬೆಯ ಕಾಲಡಿಯ ಮಣ್ಣಿಗೆ, ಬಂಡೆಗೆ, ಮನೆಗಳಿಗೆ ಧಾರಾಳವಾಗಿ ಬಳಸಿ. ಮುಖಕ್ಕೆ ಬೇಡ. ಬಣ್ಣದ ಪುಡಿ ಒರಟಾಗಿರುತ್ತದೆ, ತೆಳು ಮಾಡಿದರೆ ಕೆಳಗಿನದನ್ನು ಮುಚ್ಚುವುದಿಲ್ಲ.

ಇವುಗಳ ಜೊತೆ ಬಿಳಿ ಬೆಳಕಿನ ಒಂದು ಎಲ್‌ಇಡಿ ಟೇಬಲ್ ಲ್ಯಾಂಪ್. ಹಳದಿ ಬಲ್ಬಿನಡಿ ಕಲೆಸಿದ ಹಸಿರು ಬೆಳಿಗ್ಗೆ ಎದ್ದು ನೋಡಿದರೆ ಬೇರೆಯೇ ಆಗಿರುತ್ತದೆ.

2. ಬೊಂಬೆ ಸಿದ್ಧ ಮಾಡುವುದು

ಪ್ಲಾಸ್ಟಿಕ್ ಚೌಕಟ್ಟಿನಿಂದ ತುಂಡುಗಳನ್ನು ಕತ್ತರಿಸುವಾಗ ಕಟ್ಟರ್‌ನ ಚಪ್ಪಟೆ ಬದಿ ಬೊಂಬೆಯ ಕಡೆಗಿರಲಿ. ಅಚ್ಚಿನ ಎರಡು ಭಾಗ ಸೇರುವ ಕಡೆ ಒಂದು ಸಣ್ಣ ಏಣು ಉಳಿದಿರುತ್ತದೆ, ಅದೇ ಮೋಲ್ಡ್ ಲೈನ್. ಚಾಕುವಿನ ಬೆನ್ನಿನಿಂದ ಅದನ್ನು ಕೆರೆದು ತೆಗೆಯಿರಿ. ಬೇಜಾರಿನ ಕೆಲಸ, ಆದರೆ ಬಿಟ್ಟರೆ ಆಮೇಲೆ ಬೆಳಕು ತೋರಿಸಲು ಹಚ್ಚುವ ತಿಳಿ ಬಣ್ಣ, ಅಂದರೆ ಪ್ರತಿ ಹೈಲೈಟೂ, ಆ ಏಣಿನ ಮೇಲೇ ಹೋಗಿ ಕೂರುತ್ತದೆ. ರೆಸಿನ್ (ಗಟ್ಟಿಯಾಗಿಸಿದ ರಾಳ) ಅಥವಾ ಲೋಹದ ಬೊಂಬೆಯಾದರೆ ಪಾತ್ರೆ ತೊಳೆಯುವ ಸೋಪಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್ ಹಾಕಿ ತೊಳೆಯಿರಿ, ಅಚ್ಚಿಗೆ ಸವರಿದ ಎಣ್ಣೆ ಅಂಟಿರುತ್ತದೆ. ರೆಸಿನ್ ಉಜ್ಜುವಾಗ ಮಾಸ್ಕ್ ಹಾಕಿ, ನೀರು ಹಚ್ಚಿಕೊಂಡು ಉಜ್ಜಿ. ಆ ಧೂಳು ಒಳಗೆ ಹೋಗಬಾರದು.

ಗಟ್ಟಿ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಸಿಮೆಂಟ್ ಹಾಕಬೇಕು. ಅದು ಎರಡು ತುಂಡುಗಳ ಅಂಚನ್ನು ಕರಗಿಸಿ ಒಂದು ಮಾಡುತ್ತದೆ. ರೆಸಿನ್, ಲೋಹಕ್ಕೆ ಫೆವಿಕ್ವಿಕ್ ತರಹದ ಸೂಪರ್ ಗ್ಲೂ. ಗುರಾಣಿಯನ್ನು ಈಗಲೇ ಅಂಟಿಸಬೇಡಿ, ಅದರ ಹಿಂದೆ ಬ್ರಶ್ ಹೋಗುವುದಿಲ್ಲ. ಬೊಂಬೆಯನ್ನು ಖಾಲಿ ಮಾತ್ರೆ ಡಬ್ಬಿಯ ಮೇಲೆ ಡಬಲ್ ಸೈಡ್ ಟೇಪಿನಿಂದ ನಿಲ್ಲಿಸಿ. ಮುಗಿಯುವ ತನಕ ಕೈ ಡಬ್ಬಿಯನ್ನು ಹಿಡಿಯಲಿ, ಬೊಂಬೆಯನ್ನು ಮುಟ್ಟದಿರಲಿ.

3. ಪ್ರೈಮರ್, ಮತ್ತು ಒಂದು ಫೋಟೋ

ಪ್ರೈಮರ್ ಇಲ್ಲದೆ ಅಕ್ರಿಲಿಕ್ ಪ್ಲಾಸ್ಟಿಕ್ಕಿಗೆ ಗಟ್ಟಿಯಾಗಿ ಕೂರುವುದಿಲ್ಲ, ಉಗುರು ತಾಗಿದರೂ ಏಳುತ್ತದೆ. ಸ್ಪ್ರೇ ಕ್ಯಾನ್ ಆದರೆ ಚೆನ್ನಾಗಿ ಅಲ್ಲಾಡಿಸಿ, 20ರಿಂದ 30 ಸೆಂಟಿಮೀಟರ್ ದೂರದಿಂದ, ಆಚೆಯಿಂದ ಈಚೆಗೆ ಬೀಸುತ್ತಾ ಸ್ವಲ್ಪ ಸ್ವಲ್ಪವೇ ಹೊಡೆಯಿರಿ. ಒಂದೇ ಕಡೆ ನಿಲ್ಲಿಸಿ ಹೊಡೆದರೆ ಮುಖದ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಸ್ಪ್ರೇ ಮರಳು ಮರಳಾಗಿ ಕೂರುತ್ತದೆ. ಮಂಗಳೂರು, ಮಲೆನಾಡಿನ ಕಡೆಯವರು ಮಳೆಗಾಲದಲ್ಲಿ ಬ್ರಶ್‌ನಲ್ಲಿ ಹಚ್ಚುವ ಪ್ರೈಮರ್ ಬಳಸುವುದೇ ಕ್ಷೇಮ.

ಮೊದಲು ಪೂರ್ತಿ ಕಪ್ಪು ಪ್ರೈಮರ್. ಒಣಗಿದ ಮೇಲೆ ತಲೆಯ ಮೇಲಿಂದ ಓರೆಯಾಗಿ ಬಿಳಿ ಸ್ಪ್ರೇಯನ್ನು ಹಗುರವಾಗಿ ಹೊಡೆಯಿರಿ. ಸ್ಪ್ರೇ ಇಲ್ಲದಿದ್ದರೆ ಮೇಕಪ್ ಬ್ರಶ್‌ನಲ್ಲಿ ಬಿಳಿ ಬಣ್ಣವನ್ನು ಮೇಲಿಂದ ಕೆಳಕ್ಕೆ ಡ್ರೈಬ್ರಶ್ ಮಾಡಿ. ಇದಕ್ಕೆ ಝೆನಿತಲ್ ಅನ್ನುತ್ತಾರೆ. ನೆತ್ತಿಯ ಮೇಲಿನ ಬಿಸಿಲು ಬೊಂಬೆಯ ಮೇಲೆ ಎಲ್ಲೆಲ್ಲಿ ಬೀಳುತ್ತದೋ ಅಲ್ಲೆಲ್ಲ ಬಿಳಿ, ಗಲ್ಲದ ಕೆಳಗೆ, ಕಂಕುಳಲ್ಲಿ ಕಪ್ಪು.

ಈಗ ನಿಲ್ಲಿಸಿ, ಫೋನಿನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ. ಬಣ್ಣ ಹಚ್ಚಿದ ಮೇಲೆ ಈ ಬೆಳಕು ಮುಚ್ಚಿಹೋಗುತ್ತದೆ. ಹೈಲೈಟ್ ಎಲ್ಲಿ ಹಾಕಲಿ ಅನ್ನುವ ಪ್ರಶ್ನೆ ಬಂದಾಗಲೆಲ್ಲ ಉತ್ತರ ಈ ಫೋಟೋದಲ್ಲಿ ಇರುತ್ತದೆ.

4. ಬಣ್ಣ ತೆಳು ಮಾಡುವುದು

ಹೊಸಬರ ಕೆಲಸ ಹಾಳಾಗುವುದು ಬಹುತೇಕ ಇಲ್ಲೇ. ಹಾಗಾಗಿ ನಿಧಾನ.

ವೆಟ್ ಪ್ಯಾಲೆಟ್ ಅನ್ನು, ಅಂದರೆ ಬಣ್ಣ ಒಣಗದಂತೆ ಇಡುವ ಒದ್ದೆ ತಟ್ಟೆಯನ್ನು, ದುಡ್ಡು ಕೊಟ್ಟು ತರಬೇಕಿಲ್ಲ. ಮುಚ್ಚಳ ಇರುವ ಚಪ್ಪಟೆ ಡಬ್ಬಿಯಲ್ಲಿ ನಾಲ್ಕು ಮಡಿಕೆ ಕಿಚನ್ ಟಿಶ್ಯೂ ಹಾಸಿ. ನೀರು ಹೀರಿಕೊಳ್ಳುವಷ್ಟು ಹಾಕಿ, ಮೇಲೆ ಬೇಕಿಂಗ್ ಪೇಪರ್ ಇಡಿ. ಮೇಣ ಹಚ್ಚಿದ ಕಾಗದ ನಡೆಯುವುದಿಲ್ಲ, ಕೆಳಗಿನ ನೀರು ಮೇಲೆ ಬರಬೇಕು. ಕಾಗದದ ಮೇಲೆ ನೀರು ನಿಂತಿದ್ದರೆ ಒರೆಸಿ. ಹೀಗೆ ಇಟ್ಟ ಬಣ್ಣ ಗಂಟೆಗಟ್ಟಲೆ ಒಣಗುವುದಿಲ್ಲ. ಮುಚ್ಚಳ ಹಾಕಿದರೆ ಮಾರನೆಯ ದಿನಕ್ಕೂ ಬರುತ್ತದೆ.

ಒಂದು ಹನಿ ಬಣ್ಣ, ಪಕ್ಕದಲ್ಲಿ ಒಂದು ಹನಿ ನೀರು. ಕಲೆಸಿ. ಒಂದೊಂದು ಬಣ್ಣಕ್ಕೆ ಒಂದೊಂದು ಅಳತೆ, ಇದು ಶುರು ಮಾಡಲು ಮಾತ್ರ. ಬಣ್ಣ ನೀರುಮಜ್ಜಿಗೆಯ ಹದಕ್ಕೆ ಬರಬೇಕು. ಈಗ ಬ್ರಶ್ ಅದ್ದಿ, ತಕ್ಷಣ ಬೊಂಬೆಗೆ ಒಯ್ಯಬೇಡಿ. ಬ್ರಶ್‌ನ ಹೊಟ್ಟೆಯನ್ನು ಟಿಶ್ಯೂಗೆ ಒಮ್ಮೆ ತಾಗಿಸಿ, ಹೆಚ್ಚಿನ ನೀರು ಅಲ್ಲಿಗೆ ಹೋಗುತ್ತದೆ. ಆಮೇಲೆ ಎಡಗೈಯ ಹೆಬ್ಬೆರಳಿನ ಉಗುರಿನ ಮೇಲೆ ಒಂದು ಗೆರೆ ಎಳೆಯಿರಿ. ಗೆರೆ ಎಳೆದಲ್ಲೇ ನಿಂತು ಉಗುರು ಸ್ವಲ್ಪ ಕಾಣಿಸಿದರೆ ಹದ ಸರಿ. ಬಣ್ಣ ಹರಿದು ಉಗುರಿನ ಅಂಚಿಗೆ ಓಡಿದರೆ ಬ್ರಶ್‌ನಲ್ಲಿ ನೀರು ಜಾಸ್ತಿ, ಇನ್ನೊಮ್ಮೆ ಟಿಶ್ಯೂಗೆ ತಾಗಿಸಿ. ಗೆರೆಯಲ್ಲಿ ಬ್ರಶ್ ಕೂದಲಿನ ಗುರುತು ಉಬ್ಬಿ ಕಂಡರೆ ಬಣ್ಣ ಗಟ್ಟಿ. ಬಣ್ಣ ತೆಳುವಾಗಿರುವುದು ಬೇರೆ, ಬ್ರಶ್ ತುಂಬಾ ಒದ್ದೆಯಾಗಿರುವುದು ಬೇರೆ. ಈ ಎರಡನ್ನು ಒಂದೇ ಅಂದುಕೊಳ್ಳುವುದರಿಂದಲೇ ಅರ್ಧ ತೊಂದರೆ.

5. ಬೇಸ್‌ಕೋಟ್ ಮತ್ತು ವಾಶ್

ಬೇಸ್‌ಕೋಟ್ ಎಂದರೆ ಪ್ರತಿ ಭಾಗಕ್ಕೆ ಮೊದಲು ಹಚ್ಚುವ ಮೂಲ ಬಣ್ಣ. ಒಳಗಿನಿಂದ ಹೊರಗೆ ಬನ್ನಿ. ಮೊದಲು ಚರ್ಮ, ಆಮೇಲೆ ಬಟ್ಟೆ, ಪಟ್ಟಿ, ಕೊನೆಗೆ ಲೋಹ. ಎಲ್ಲದಕ್ಕೂ ಎರಡು ತೆಳು ಕೋಟು. ಮೊದಲ ಕೋಟು ಕೊಳಕಾಗಿ ಕಾಣುತ್ತದೆ, ಗಾಬರಿ ಬೇಡ. ಪೂರ್ತಿ ಒಣಗಿದ ಮೇಲೆ ಎರಡನೆಯದು. ಹಳದಿ, ಬಿಳಿಗೆ ಮೂರನೆಯದೂ ಬೇಕಾದೀತು. ಲೋಹದ ಬಣ್ಣ ಮುಟ್ಟಿದ ಮೇಲೆ ಲೋಟದ ನೀರು ಚೆಲ್ಲಿ ಹೊಸದು ಹಿಡಿಯಿರಿ. ಇಲ್ಲದಿದ್ದರೆ ಗಾಬ್ಲಿನ್‌ನ ಕೆನ್ನೆಯಲ್ಲಿ ಮಿಂಚು ಕಾಣಿಸಿಕೊಳ್ಳುತ್ತದೆ.

ವಾಶ್ ಎಂದರೆ ನೀರಿನಷ್ಟೇ ತೆಳುವಾದ ಗಾಢ ಬಣ್ಣ. ಹಚ್ಚಿದರೆ ಸಂದಿಗೆ ಇಳಿದು ನೆರಳು ಕೊಡುತ್ತದೆ. ಸಿಟಾಡೆಲ್‌ನ ಕಂದು ವಾಶ್ ಆಗ್ರಾಕ್ಸ್ ಅರ್ತ್‌ಶೇಡ್, ಕಪ್ಪು ವಾಶ್ ನುಲ್ನ್ ಆಯಿಲ್ ಇಲ್ಲದ ಪೇಂಟರ್ ಮೇಜು ಕಡಿಮೆ. ಇಡೀ ಬೊಂಬೆಗೆ ಸುರಿದು ಕೂತರೆ ಎಲ್ಲ ಬಣ್ಣವೂ ಮಂಕಾಗುತ್ತದೆ. ಸಂದಿ, ಮಡಿಕೆ, ಪಟ್ಟಿಯ ಅಂಚುಗಳಿಗೆ ಹಚ್ಚಿ. ಚಪ್ಪಟೆ ಜಾಗದಲ್ಲಿ ನಿಂತ ಹನಿಯನ್ನು ಟಿಶ್ಯೂಗೆ ಒತ್ತಿದ ಒದ್ದೆ ಬ್ರಶ್‌ನಲ್ಲಿ ಹೀರಿಕೊಳ್ಳಿ. ಆಮೇಲೆ ಅರ್ಧ ಗಂಟೆ ಅದರ ತಂಟೆಗೆ ಹೋಗಬೇಡಿ. ಅರ್ಧ ಒಣಗಿದ ವಾಶ್ ಮೇಲೆ ಮತ್ತೆ ಬ್ರಶ್ ಆಡಿಸಿದರೆ ಅಲ್ಲೊಂದು ಕಲೆ ಬೀಳುತ್ತದೆ.

ಗೇಮ್ಸ್ ವರ್ಕ್‌ಶಾಪ್ 2019ರಲ್ಲಿ ತಂದ ಕಾಂಟ್ರಾಸ್ಟ್ ಬಣ್ಣಗಳು ಬೇಸ್‌ಕೋಟ್, ನೆರಳು ಎರಡನ್ನೂ ಒಂದೇ ಕೋಟಿನಲ್ಲಿ ಕೊಡುತ್ತವೆ. 60 ಗಾಬ್ಲಿನ್ ಮುಗಿಸಬೇಕಾದವರಿಗೆ ವರ. ಕಲಿಯುವವರು ಎರಡು ಬೊಂಬೆಯನ್ನಾದರೂ ಸಾಮಾನ್ಯ ಬಣ್ಣದಲ್ಲಿ ಮಾಡಿ, ಆಮೇಲೆ ಅದಕ್ಕೆ ಹೋಗಲಿ ಅನ್ನುವುದು ನನ್ನ ಅಭಿಪ್ರಾಯ. ಬೆಳಕು ಎಲ್ಲಿಡಬೇಕು ಅನ್ನುವ ನಿರ್ಧಾರವನ್ನು ಅದು ನಿಮ್ಮ ಕೈಯಿಂದ ಕಿತ್ತುಕೊಳ್ಳುತ್ತದೆ.

6. ಕೆಂಪು ಮೇಲಂಗಿ: ಹೈಲೈಟ್ ಕಲಿಯುವ ಜಾಗ

ಇಲ್ಲಿ ಅವಸರ ಬೇಡ. ಬೇಸ್‌ಕೋಟ್ ಕೆಂಪು ಇದೆ. ಇನ್ನೆರಡು ಮಿಶ್ರಣ ಮಾಡಿಕೊಳ್ಳಿ. ನೆರಳಿಗೆ ಕೆಂಪಿಗೆ ಸ್ವಲ್ಪ ಕಂದು, ತುಸು ನೀಲಿ. ಬೆಳಕಿಗೆ ಕೆಂಪಿಗೆ ಕಿತ್ತಳೆ. ಬಿಳಿ ಹಾಕಿದರೆ ಕೆಂಪು ಗುಲಾಬಿಯಾಗುತ್ತದೆ, ಹಾಕಬೇಡಿ. ಹಸಿರು ಚರ್ಮಕ್ಕೂ ಇದೇ ಮಾತು: ಬೆಳಕಿಗೆ ಹಳದಿ ಅಥವಾ ಮೂಳೆ ಬಣ್ಣ ಬೆರೆಸಿ. ಬರೀ ಬಿಳಿ ಬೆರೆಸಿದ ಹಸಿರು ಸುಣ್ಣ ಬಳಿದಂತೆ ಕಾಣುತ್ತದೆ.

ಝೆನಿತಲ್ ಫೋಟೋ ತೆರೆದಿಡಿ. ಭುಜದ ಮೇಲೆ, ಮಡಿಕೆಗಳ ಏಣಿನ ಮೇಲೆ, ಬೆಳಕಿನ ಮಿಶ್ರಣ. ಮಡಿಕೆಯ ಆಳದಲ್ಲಿ, ಸೊಂಟದ ಪಟ್ಟಿಯ ಕೆಳಗೆ, ನೆರಳಿನ ಮಿಶ್ರಣ. ನಡುವೆ ಮೂಲ ಕೆಂಪನ್ನು ಹಾಗೇ ಬಿಡಿ. ಈಗ ಮೂರು ಪಟ್ಟೆ ಕಾಣುತ್ತದೆ, ಅಂಚುಗಳು ಒರಟು. ಇವನ್ನು ಬೆಸೆಯಲು ಗ್ಲೇಜ್ ಬೇಕು. ಬಣ್ಣವನ್ನು ಇನ್ನೂ ನಾಲ್ಕೈದು ಪಾಲು ನೀರಿನಲ್ಲಿ ತೆಳು ಮಾಡಿ, ಬ್ರಶ್ ಅನ್ನು ಟಿಶ್ಯೂನಲ್ಲಿ ಚೆನ್ನಾಗಿ ಒತ್ತಿ, ಅಂಚಿನ ಮೇಲೆ ಎಳೆಯಿರಿ.

ಯಾವ ಕಡೆಗೆ ಎಳೆಯಬೇಕು ಅನ್ನುವುದು ಮುಖ್ಯ. ಬ್ರಶ್ ಎತ್ತುವ ಜಾಗದಲ್ಲಿ ಬಣ್ಣ ಜಾಸ್ತಿ ಕೂರುತ್ತದೆ. ಆದ್ದರಿಂದ ನೆರಳಿನ ಗ್ಲೇಜ್ ಆದರೆ ಮಧ್ಯದಿಂದ ಶುರುಮಾಡಿ ಮಡಿಕೆಯ ಆಳದಲ್ಲಿ ಎತ್ತಿ. ಬೆಳಕಿನದಾದರೆ ಮಧ್ಯದಿಂದ ಏಣಿನ ಕಡೆಗೆ ಎಳೆದು ಅಲ್ಲಿ ಎತ್ತಿ. ಒಂದು ಸಲ ಹಚ್ಚಿದರೆ ಏನೂ ಆಗಿಲ್ಲ ಅನ್ನಿಸುತ್ತದೆ. ಒಣಗಲು ಬಿಟ್ಟು ಮೂರ್ನಾಲ್ಕು ಸಲ ಹಚ್ಚಿ, ಆಗ ಗೊತ್ತಾಗುತ್ತದೆ.

ಕೊನೆಗೆ ಎಡ್ಜ್ ಹೈಲೈಟ್. ಬರೀ ಕಿತ್ತಳೆ, ಅದಕ್ಕೆ ಒಂಚೂರು ಮೂಳೆ ಬಣ್ಣ. ಬ್ರಶ್‌ನ ತುದಿಯಿಂದ ಗೆರೆ ಬರೆಯಲು ಹೋಗಬೇಡಿ. ಬ್ರಶ್ ಮಲಗಿಸಿ, ಅದರ ಪಕ್ಕವನ್ನು ಅಂಗಿಯ ಅಂಚಿಗೆ ಸವರಿ. ಉಬ್ಬಿದ ಅಂಚು ತಾನೇ ಬಣ್ಣ ತೆಗೆದುಕೊಳ್ಳುತ್ತದೆ, ಕೈ ಸ್ವಲ್ಪ ನಡುಗಿದರೂ ಗೆರೆ ನೇರ ಬರುತ್ತದೆ.

ಬೆಳಕನ್ನು ಎಷ್ಟು ಏರಿಸಬೇಕು? ಮೇಜಿನ ಹತ್ತಿರ ನೋಡಿದಾಗ ಅತಿಯಾಯಿತು ಅನ್ನಿಸುವಷ್ಟು. ಮೂರು ಅಡಿ ಹಿಂದೆ ಸರಿದು ನೋಡಿದರೆ ಅದು ಸರಿಯಾಗಿರುತ್ತದೆ.

7. ಮುಖ, ಕಬ್ಬಿಣ, ತಳ

ಕಣ್ಣಿನ ಗುಳಿಗೆ ಗಾಢ ಕಂದು ತುಂಬಿಸಿ, ನಡುವೆ ಹಳದಿಯ ಒಂದು ಅಡ್ಡ ಗೆರೆ. ಗಾಬ್ಲಿನ್‌ಗೆ ಪಾಪೆ ಇಲ್ಲದಿದ್ದರೂ ನಡೆಯುತ್ತದೆ. ಗೆರೆ ಆಚೆ ಹೋದರೆ ಹಸಿರಿನಿಂದ ಮುಚ್ಚಿ. ಮೂಗಿನ ತುದಿ, ಕಿವಿಯ ತುದಿ, ಕೆಳತುಟಿಗೆ ಹಸಿರಿನ ಜೊತೆ ಒಂಚೂರು ಕೆಂಪು ಗ್ಲೇಜ್ ಕೊಡಿ, ಮುಖಕ್ಕೆ ಜೀವ ಬರುತ್ತದೆ. ಮೇಲಂಗಿಯ ಕೆಂಪಿಗೂ ಮುಖಕ್ಕೂ ಒಂದು ಹೊಂದಿಕೆ ಸಿಗುತ್ತದೆ.

ಕತ್ತಿಗೆ ಉಕ್ಕಿನ ಬಣ್ಣ, ಅದರ ಮೇಲೆ ಕಪ್ಪು ವಾಶ್, ಒಣಗಿದ ಮೇಲೆ ಅಂಚಿಗೆ ಮತ್ತೆ ಉಕ್ಕು. ತುಕ್ಕಿಗೆ ಕಂದು, ಕಿತ್ತಳೆ ಬೆರೆಸಿ ಹರಿದ ಸ್ಪಂಜಿನ ಚೂರಿನಿಂದ ಅಲ್ಲಲ್ಲಿ ಒತ್ತಿ.

ತಳಕ್ಕೆ ಫೆವಿಕಾಲ್ ಸವರಿ ಜರಡಿ ಹಿಡಿದ ಮರಳು ಉದುರಿಸಿ. ರಾತ್ರಿ ಒಣಗಲಿ. ಕಂದು ಹಚ್ಚಿ, ಮೂಳೆ ಬಣ್ಣದಲ್ಲಿ ಡ್ರೈಬ್ರಶ್ ಮಾಡಿ. ತಳದ ಸುತ್ತಿನ ಪಟ್ಟಿಗೆ ನೀಟಾಗಿ ಕಪ್ಪು ಹಚ್ಚಿ. ಐದು ನಿಮಿಷದ ಕೆಲಸ, ಬೊಂಬೆ ಮುಗಿದಂತೆ ಕಾಣುವುದು ಅದರಿಂದಲೇ. ಆಟಕ್ಕೆ ಬಳಸುವುದಾದರೆ ಮ್ಯಾಟ್ ವಾರ್ನಿಶ್ ಬೇಕೇ ಬೇಕು. ಮಳೆಗಾಲದಲ್ಲಿ ಸ್ಪ್ರೇ ವಾರ್ನಿಶ್ ಬಿಳಿ ಮಂಜು ಕವಿದಂತೆ ಆಗಬಹುದು, ಆಗಲೂ ಬ್ರಶ್ಶೇ ಗತಿ.

8. ತೋರಿಸುವ ಮೊದಲು ನೀವೇ ನೋಡಿ

ಇಲ್ಲಿಯವರೆಗೆ ಹೇಳಿದ್ದು ಒಂದು ಬೊಂಬೆ ಮುಗಿಸುವ ದಾರಿ. ಮುಂದಿನ ಬೊಂಬೆ ಇದಕ್ಕಿಂತ ಚೆನ್ನಾಗಿ ಆಗಬೇಕಾದರೆ ಇನ್ನೊಬ್ಬರ ಕಣ್ಣು ಬೇಕು. ಅದಕ್ಕೆ ಮೊದಲು ಫೋಟೋ.

ಬೊಂಬೆಯ ಹಿಂದೆ ಬೂದು ಅಥವಾ ಕಪ್ಪು ಕಾಗದ ಇಡಿ. ಎಡಕ್ಕೊಂದು, ಬಲಕ್ಕೊಂದು ಲ್ಯಾಂಪ್, ಎರಡರ ಮುಂದೆಯೂ ಬೇಕಿಂಗ್ ಪೇಪರ್ ಹಿಡಿದರೆ ಬೆಳಕು ಮೆತ್ತಗಾಗುತ್ತದೆ. ಪೇಪರ್ ಬಿಸಿ ಬಲ್ಬಿಗೆ ತಾಗದಿರಲಿ. ಫ್ಲ್ಯಾಶ್ ಬೇಡ. ಫೋನನ್ನು ಬೊಂಬೆಯ ಮೂಗಿಗೆ ತಾಗಿಸುವಷ್ಟು ಹತ್ತಿರ ತಂದರೆ ಮುಖ ಫೋಕಸ್ ಆಗಿ ಕತ್ತಿ ಮಬ್ಬಾಗುತ್ತದೆ. ಒಂದು ಅಡಿ ಹಿಂದೆ ಹೋಗಿ ತೆಗೆದು ಆಮೇಲೆ ಕ್ರಾಪ್ ಮಾಡಿ. ಮುಂದೆ, ಹಿಂದೆ, ಎರಡು ಪಕ್ಕ.

ಅದೇ ಫೋಟೋವನ್ನು ಫೋನಿನಲ್ಲೇ ಕಪ್ಪು ಬಿಳುಪು ಮಾಡಿ. ಮೇಲಂಗಿ, ಚರ್ಮ, ಗುರಾಣಿ ಮೂರೂ ಒಂದೇ ಬೂದು ಬಣ್ಣದಲ್ಲಿ ಕಲೆತುಹೋದವಾ? ಹಾಗಾದರೆ ಬಣ್ಣ ಬೇರೆ ಬೇರೆ ಇದ್ದರೂ ಬೆಳಕು ನೆರಳಿನ ಅಂತರ ಇಲ್ಲ. ಕೆಂಪು, ಹಸಿರು ಪಕ್ಕಪಕ್ಕ ಇದ್ದಾಗ ಹೀಗೆ ಆಗುವುದು ತೀರಾ ಸಾಮಾನ್ಯ. ಇದೊಂದನ್ನು ನೀವೇ ಹಿಡಿದರೆ ಬೇರೆಯವರು ಹೇಳಬಹುದಾದದ್ದರ ಅರ್ಧ ನಿಮಗೆ ಮೊದಲೇ ಸಿಕ್ಕಿತು.

9. ಕೇಳುವುದು ಹೇಗೆ

"ಹೇಗಿದೆ ನೋಡಿ" ಎಂದು ಕೇಳಿದರೆ ಬರುವ ಉತ್ತರ "ಸಖತ್ತಾಗಿದೆ ಗುರು". ಕೇಳಲು ಹಿತ, ಕೈಗೆ ಏನೂ ಸಿಗುವುದಿಲ್ಲ. ಅದು ಹೇಳುವವರ ತಪ್ಪಲ್ಲ, ಪ್ರಶ್ನೆಯೇ ಹಾಗಿದೆ. ಹೀಗೆ ಕೇಳಿ ನೋಡಿ:

"ಇದು ನನ್ನ ಎರಡನೇ ಗಾಬ್ಲಿನ್. ಆಟದ ಮೇಜಿಗೆ, ಸ್ಪರ್ಧೆಗೆ ಅಲ್ಲ. ಬೆಳಕು ಮೇಲೆ ಎಡಗಡೆಯಿಂದ ಬರುವ ಹಾಗೆ ಮಾಡಲು ನೋಡಿದೆ. ಮೇಲಂಗಿಯಲ್ಲಿ ಅದು ಕಾಣುತ್ತಿದೆಯಾ? ಮುಂದಿನದರಲ್ಲಿ ಒಂದೇ ಒಂದು ವಿಷಯ ತಿದ್ದಿಕೊಳ್ಳುವುದಾದರೆ ಯಾವುದು?"

ಇದರಲ್ಲಿ ನಿಮ್ಮ ಮಟ್ಟ, ಉದ್ದೇಶ, ಪ್ರಯತ್ನ ಎಲ್ಲ ಇದೆ. ಕೊನೆಯ ಪ್ರಶ್ನೆಗೆ "ಸಖತ್" ಅನ್ನುವುದು ಉತ್ತರ ಆಗುವುದಿಲ್ಲ. ಮೇಜಿನ ಮೇಲೆ ಆಡುವ ಬೊಂಬೆಗೂ ಗಾಜಿನ ಪೆಟ್ಟಿಗೆಯ ಬೊಂಬೆಗೂ ಅಳತೆಗೋಲು ಬೇರೆ. ಗೇಮ್ಸ್ ವರ್ಕ್‌ಶಾಪ್‌ನದೇ ಇನ್ನೊಂದು ಆಟವಾದ ವಾರ್‌ಹ್ಯಾಮರ್ 40,000ರ, 2020ರಲ್ಲಿ ಬಂದ ಒಂಬತ್ತನೇ ಆವೃತ್ತಿಯಲ್ಲಿ ಸೈನ್ಯ ಪೂರ್ತಿ ಬಣ್ಣ ಕಂಡಿದ್ದರೆ 10 ಅಂಕ ಸಿಗುತ್ತಿತ್ತು. ಅದಕ್ಕೆ ಬೇಕಾದ ಮಟ್ಟದ ಹೆಸರು ಬ್ಯಾಟಲ್ ರೆಡಿ: ಮುಖ್ಯ ಬಣ್ಣಗಳು, ನೆರಳು, ಮುಗಿಸಿದ ತಳ, ಅಷ್ಟೇ. ನಿಮ್ಮ ಗುರಿ ಅದೇ ಆಗಿದ್ದರೆ ಅದನ್ನು ಹೇಳಿಬಿಡಿ. ಇಲ್ಲದಿದ್ದರೆ ಕಣ್ಣಿನ ಪಾಪೆಯ ಬಗ್ಗೆ ಪಾಠ ಕೇಳಬೇಕಾಗುತ್ತದೆ.

ಯಾರನ್ನು ಕೇಳಬೇಕು? ನಿಮಗಿಂತ ಎರಡು ಮೆಟ್ಟಿಲು ಮೇಲಿರುವವರನ್ನು. ತೀರಾ ಮೇಲಿರುವವರಿಗೆ ತಾವು ಹೇಗೆ ಕಲಿತೆವು ಅನ್ನುವುದೇ ಮರೆತುಹೋಗಿರುತ್ತದೆ. ಬೊಂಬೆಗಳ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರಿಗೂ ತೋರಿಸಿ. ಮನೆಯಲ್ಲಿ ಅಮ್ಮನಿಗೋ ತಂಗಿಗೋ ಮೂರು ಅಡಿ ದೂರ ಹಿಡಿದು, "ಮೊದಲು ಕಣ್ಣು ಎಲ್ಲಿಗೆ ಹೋಯಿತು?" ಅಂತಷ್ಟೇ ಕೇಳಿ. ಮುಖ ಅನ್ನುವ ಬದಲು ಗುರಾಣಿ ಅಂದರೆ ಗುರಾಣಿಯ ಬಣ್ಣ ಜಾಸ್ತಿ ಕೂಗುತ್ತಿದೆ.

ಸ್ಪರ್ಧೆಗೆ ಇಡುವ ಮಟ್ಟಕ್ಕೆ ಬಂದಾಗ ಎರಡು ಪದ್ಧತಿಗಳಿವೆ ಅನ್ನುವುದು ತಿಳಿದಿರಲಿ. ಒಂದರಲ್ಲಿ ವಿಭಾಗಕ್ಕೆ ಮೂರೇ ಬಹುಮಾನ. ಇನ್ನೊಂದು ಓಪನ್ ಪದ್ಧತಿ, ಅಮೆರಿಕದ ಟೆಕ್ಸಾಸ್‌ನಲ್ಲಿ ನಡೆಯುವ ರೀಪರ್‌ಕಾನ್ ಎಂಬ ಹವ್ಯಾಸಿಗಳ ಸಮಾವೇಶದ ಹಾಗೆ. ಅಲ್ಲಿ ಪ್ರತಿ ಬೊಂಬೆಯನ್ನು ಒಂದು ಮಟ್ಟಕ್ಕೆ ಹೋಲಿಸಿ ಚಿನ್ನ, ಬೆಳ್ಳಿ, ಕಂಚು ಕೊಡುತ್ತಾರೆ, ಪಕ್ಕದವರ ಬೊಂಬೆಗೆ ಹೋಲಿಸುವುದಿಲ್ಲ. ಕಲಿಯುವವರಿಗೆ ಎರಡನೆಯದು ಒಳ್ಳೆಯದು. ಕಂಚಿನಿಂದ ಬೆಳ್ಳಿಗೆ ಏನು ಕಡಿಮೆಯಾಯಿತು ಅಂತ ತೀರ್ಪುಗಾರರನ್ನು ಕೇಳಿದರೆ ಉತ್ತರ ಇರುತ್ತದೆ.

10. ಹೇಳಿದ್ದನ್ನು ಕೆಲಸಕ್ಕೆ ಇಳಿಸುವುದು

"ಕಾಂಟ್ರಾಸ್ಟ್ ಸಾಲದು." ಅಂದರೆ ಬೆಳಕು ನೆರಳಿನ ಅಂತರ ಕಡಿಮೆ, ಆ ಹೆಸರಿನ ಬಣ್ಣದ ಮಾತಲ್ಲ. ಅತಿ ಹೆಚ್ಚು ಕೇಳುವ ಮಾತು ಇದು, ಹೆಚ್ಚಿನ ಸಲ ನಿಜವೂ ಹೌದು. ಇಡೀ ಬೊಂಬೆಗೆ ಇನ್ನಷ್ಟು ಬಿಳಿ ಹಚ್ಚಿ ಅಂತ ಇದರರ್ಥ ಅಲ್ಲ. ನೆರಳನ್ನು ಒಂದು ಹಂತ ಕೆಳಗಿಳಿಸಿ, ಬೆಳಕಿನ ಜಾಗವನ್ನು ಚಿಕ್ಕದು ಮಾಡಿ ಒಂದು ಹಂತ ಮೇಲೇರಿಸಿ. ನಡುವಿನ ಬಣ್ಣವನ್ನು ಮುಟ್ಟಬೇಡಿ.

"ಪುಡಿಪುಡಿಯಾಗಿ ಕಾಣುತ್ತಿದೆ" ಅಂದರೆ ಹೈಲೈಟಿಗೆ ಬಿಳಿ ಜಾಸ್ತಿ ಹೋಗಿದೆ, ಅಥವಾ ಬ್ರಶ್‌ನಲ್ಲಿ ಬಣ್ಣ ಅರ್ಧ ಒಣಗಿತ್ತು. "ಕ್ಲೀನ್ ಆಗಿಲ್ಲ" ಅಂದರೆ ಎರಡು ಬಣ್ಣ ಸೇರುವ ಗಡಿ ನೋಡಿ. ಪಟ್ಟಿ ಮತ್ತು ಅಂಗಿಯ ನಡುವೆ ಗಾಢ ಕಂದಿನ ತೆಳು ಗೆರೆ ಎಳೆದರೆ ಮುಕ್ಕಾಲು ಪಾಲು ಸರಿಹೋಗುತ್ತದೆ. "ಬಣ್ಣ ದಪ್ಪ" ಅಂದರೆ ಮೇಲಿನ ನಾಲ್ಕನೇ ಭಾಗಕ್ಕೆ ವಾಪಸ್ ಹೋಗಿ, ಉಗುರಿನ ಪರೀಕ್ಷೆಯಿಂದ ಶುರುಮಾಡಿ.

ಹೇಳುವವರ ಮಾತಿನಲ್ಲಿ ಎರಡು ಪದರ ಇರುತ್ತದೆ: ಅವರಿಗೆ ಕಂಡದ್ದು, ಅವರು ಸೂಚಿಸುವ ಮದ್ದು. "ಮುಖ ಎದ್ದು ಕಾಣುತ್ತಿಲ್ಲ, ನೀಲಿ ಹಚ್ಚು" ಎಂದರೆ ಮೊದಲ ಭಾಗವನ್ನು ನಂಬಿ, ಎರಡನೆಯದನ್ನು ಯೋಚಿಸಿ. ಮುಖ ಎದ್ದು ಕಾಣಲು ಸುತ್ತಲಿನದನ್ನು ಕಪ್ಪಾಗಿಸುವುದೂ ಒಂದು ದಾರಿ ಅಲ್ವಾ? ಮೂವರು ಬೇರೆ ಬೇರೆ ಜನ ಒಂದೇ ಜಾಗಕ್ಕೆ ಬೆರಳು ತೋರಿಸಿದರೆ ಅಲ್ಲಿ ತೊಂದರೆ ಇದ್ದೇ ಇದೆ. ಒಬ್ಬರೇ ಹೇಳಿದ್ದು ಅವರ ರುಚಿ ಇರಬಹುದು. "ಅದು ನಾನು ಬೇಕಂತಲೇ ಹಾಗೆ ಮಾಡಿದ್ದು" ಅನ್ನುವ ಉತ್ತರ ಬಾಯಿಗೆ ಬರುತ್ತದೆ. ನುಂಗಿಕೊಂಡು, "ಯಾವ ಮಡಿಕೆ?" ಅಂತ ಮರುಪ್ರಶ್ನೆ ಹಾಕಿ. ಅವರೂ ಇನ್ನೊಮ್ಮೆ ನೋಡುತ್ತಾರೆ.

ಕೇಳಿದ್ದನ್ನು ಇದೇ ಬೊಂಬೆಯ ಮೇಲೆ ಪ್ರಯೋಗ ಮಾಡಬೇಡಿ, ಮೂರನೇ ಗಾಬ್ಲಿನ್‌ಗೆ ಇಡಿ. ಮುಗಿದ ಬೊಂಬೆಯನ್ನು ತಿದ್ದುತ್ತಾ ಹೋದರೆ ಬಣ್ಣದ ಪದರ ಏರಿ ಗೆರೆಗಳು ಮುಚ್ಚುತ್ತವೆ. ಒಂದು ಬೊಂಬೆಗೆ ಒಂದೇ ಗುರಿ. ಎರಡನೆಯದರಲ್ಲಿ ಬಣ್ಣದ ಹದ, ಮೂರನೆಯದರಲ್ಲಿ ಮೇಲಂಗಿಯ ಕಾಂಟ್ರಾಸ್ಟ್, ನಾಲ್ಕನೆಯದರಲ್ಲಿ ಮುಖ. ನೋಟ್‌ಬುಕ್ಕಿನಲ್ಲಿ ಯಾವ ಬಣ್ಣಕ್ಕೆ ಯಾವುದನ್ನು ಎಷ್ಟು ಹನಿ ಬೆರೆಸಿದಿರಿ ಅನ್ನುವುದನ್ನು ಬರೆದಿಡಿ, ಆರನೇ ಗಾಬ್ಲಿನ್ ಕೊಂಡಾಗ ಅದೇ ಕೆಂಪು ಬೇಕಾಗುತ್ತದೆ. ಗ್ಲೇಜ್ ಕೈಗೆ ಹತ್ತುತ್ತಿಲ್ಲ ಅಂದರೆ ಬೊಂಬೆ ಬಿಟ್ಟು ಪ್ಲಾಸ್ಟಿಕ್ ಚಮಚದ ಬೆನ್ನಿಗೆ ಪ್ರೈಮರ್ ಹಚ್ಚಿ ಅದರ ಮೇಲೆ ಕಪ್ಪಿನಿಂದ ಕೆಂಪು, ಕೆಂಪಿನಿಂದ ಕಿತ್ತಳೆ ಬೆಸೆಯಿರಿ. ಡಜನ್ ಚಮಚಕ್ಕೆ ಹೆಚ್ಚೇನೂ ಖರ್ಚಿಲ್ಲ.

ಬೇರೆಯವರ ಬೊಂಬೆಗೆ ಅಭಿಪ್ರಾಯ ಹೇಳುವುದೂ ಅಭ್ಯಾಸವೇ. "ಚೆನ್ನಾಗಿದೆ, ಇನ್ನೂ ಸ್ವಲ್ಪ ಸುಧಾರಿಸಬಹುದು" ಅನ್ನಬೇಡಿ. ಬಲ ಭುಜದ ಮಡಿಕೆ ಸರಿ ಬಂದಿದೆ, ಎಡಗಡೆಯದರಲ್ಲಿ ಬೆಳಕು ಕೆಳಗೆ ಬಿದ್ದಿದೆ ಅಂತ ಜಾಗ ತೋರಿಸಿ ಹೇಳಿ. ಹಾಗೆ ಹೇಳಬೇಕಾದರೆ ನೀವೇ ಬೆಳಕು ಎಲ್ಲಿಂದ ಬರುತ್ತಿದೆ ಅಂತ ಹುಡುಕಲೇಬೇಕು.

ಮೊದಲ ಗಾಬ್ಲಿನ್‌ನ ಬಣ್ಣ ಕಿತ್ತು ಹಾಕುವ ಆಸೆ ನಾಲ್ಕನೆಯದರ ಹೊತ್ತಿಗೆ ಬರುತ್ತದೆ. ಅದನ್ನು ಹಾಗೇ ಇಡಿ, ಐದನೆಯದರ ಪಕ್ಕ ಅದೇ ಲ್ಯಾಂಪಿನಡಿ ಇಟ್ಟು ಫೋಟೋ ತೆಗೆಯಲು ಬೇಕು. ಬೇರೆ ಯಾವುದಾದರೂ ಬೊಂಬೆಯ ಬಣ್ಣ ತೆಗೆಯಲೇಬೇಕಾದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಗಾಳಿಯಾಡುವ ಕಡೆ, ಒಲೆಯಿಂದ ದೂರ, ಕೈಗವಸು ಹಾಕಿಕೊಂಡು ಹಲ್ಲುಜ್ಜುವ ಬ್ರಶ್‌ನಲ್ಲಿ ತಿಕ್ಕಿ. ರೆಸಿನ್ ಆದರೆ ಒಂದು ಚೂರಿನ ಮೇಲೆ ಮೊದಲು ಪರೀಕ್ಷೆ ಮಾಡಿ. ನೇಲ್ ಪಾಲಿಶ್ ರಿಮೂವರ್ ಮುಟ್ಟಬೇಡಿ. ಅದರಲ್ಲಿ ಅಸಿಟೋನ್ ಇದ್ದರೆ ಬಣ್ಣದ ಜೊತೆ ಪ್ಲಾಸ್ಟಿಕ್ ಗಾಬ್ಲಿನ್ನೂ ಕರಗಿಹೋಗುತ್ತದೆ.